ಝೋರಾ ಉಳಿಯುತ್ತದಂತೆ

ಆಗಸ್ಟ್ 4, ಸೋಮವಾರ

ಇವತ್ತು ಅಂಗಡಿಯಲ್ಲಿ ಮಾರಿಹೋದ ಫೋನೆಲ್ಲ ಗಿರೀಶನ ವೋಲ್ಟಾ. ನನ್ನ ಝೋರಾ ಒಂದೂ ಇಲ್ಲ. ನಮ್ಮಿಬ್ಬರಿಗೂ ಕಂಪನಿ ಒಂದೇ, ಕೌಂಟರ್ ಒಂದೇ — ಟೀ ಶರ್ಟ್ ಮಾತ್ರ ಬೇರೆ. ಬೆನ್ನ ಮೇಲೆ ಯಾವ ಹೆಸರಿದೆಯೋ ಆ ಫೋನ್ ಮಾರುವುದೇ ಕೆಲಸ. ದಾವಣಗೆರೆಯ ಈ ಮಂಡಿಪೇಟೆಯಲ್ಲಿ ಪೂಜಾ ಅಂದರೆ ಯಾರಿಗೂ ಗೊತ್ತಿಲ್ಲ. ಝೋರಾ ಮೇಡಂ ಅನ್ನಬೇಕು.

ಸಂಜೆ ಟೀಮ್ ಲೀಡರ್ ಹಾಲಸ್ವಾಮಿ ಸರ್ ಬಂದು ಬೆಂಕಿ ಹಚ್ಚಿ ಹೋದರು. ದೀಪಾವಳಿಗೆ ಹೊಸ ಫೋನುಗಳಂತೆ. ಎರಡು ಹೆಸರಲ್ಲಿ ಒಂದನ್ನು ಕೈಬಿಡುತ್ತಾರಂತೆ. ಯಾವುದು ಸರ್ ಅಂದರೆ ನಕ್ಕರು. ನಗದೇನು, ಅವರ ಟೀ ಶರ್ಟ್ ಮೇಲೆ ಬರೀ ಕಂಪನಿ ಹೆಸರು.

ಆಗಸ್ಟ್ 6

ಮನೆಗೆ ಹೋಗುವ ಬಸ್ಸಿನಲ್ಲಿ ಹರಿಹರ ಬರುವವರೆಗೂ ಅದೇ ಮಾತು. ಗಿರೀಶ ಯೂಟ್ಯೂಬ್ ತೋರಿಸಿದ. ಬರುವುದು ವೋಲ್ಟಾ ನಿಯೋ ಅಂತ ಒಬ್ಬ ಅಂತಾನೆ, ಇನ್ನೊಬ್ಬ ಝೋರಾ ಏರ್. ಮೂರನೆಯವನ ಪ್ರಕಾರ ಎರಡೂ ಇಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ. ಆದರೂ ಪೂರ್ತಿ ನೋಡಿದೆವು.

ಆಗಸ್ಟ್ 19

ನಮ್ಮ ವಾಟ್ಸಾಪ್ ಗ್ರೂಪಿಗೆ ಹೊಸ ಫೋನಿನ ಡಬ್ಬಿಯ ಫೋಟೋ ಬಂತು. ಝೋರಾ ಏರ್! ಗಿರೀಶನ ಮುಖ ನೋಡಿ ಖುಷಿ ಮುಚ್ಚಿಟ್ಟುಕೊಂಡೆ... ಸುಳ್ಳು. ಮುಚ್ಚಿಡಲಿಲ್ಲ. ಮನೆಯಲ್ಲಿ ಶಾವಿಗೆ ಪಾಯಸ ಮಾಡಿಸಿದೆ.

ಆಗಸ್ಟ್ 23

ಹರಿಹರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ರೌಫಣ್ಣ ಸಿಕ್ಕರು. ಕೌಂಟರ್‌ಗೆ ಒಬ್ಬರು ಬೇಕಂತೆ, ಮೊದಲು ನನ್ನನ್ನೇ ಕೇಳಿದರು. ನನ್ನ ಹೆಸರು ಉಳಿದಿದೆಯಲ್ಲ ಅಂದೆ. ನನ್ನ ಹೆಸರು ಅಂತೆ! ದೊಡ್ಡಸ್ತಿಕೆಯಿಂದ ಗಿರೀಶನನ್ನು ಕರೆದುಕೊಳ್ಳಿ ಅಂದೆ. ಪಾಪ, ಅವನಿಗಾದರೂ ಆಗಲಿ ಅಂತ. ಅವನು ಒಪ್ಪಿಕೊಂಡ.

ಸೆಪ್ಟೆಂಬರ್ 26

ಲಾಂಚ್. ಅಂಗಡಿಯವರೆಲ್ಲ ಕೂತು ನೋಡಿದೆವು. ವೋಲ್ಟಾ ಸುದ್ದಿಯೇ ಇಲ್ಲ. ಝೋರಾ ಏರ್, ದೊಡ್ಡ ಅಕ್ಷರದಲ್ಲಿ. ಚಪ್ಪಾಳೆ ತಟ್ಟಿದೆ. ಕೊನೆಗೆ ಒಂದು ಸಾಲು — ಝೋರಾ ಇನ್ನು ಮುಂದೆ ಆನ್‌ಲೈನಿನಲ್ಲಿ ಮಾತ್ರ.

ಅಂಗಡಿಗೇ ಬರದ ಫೋನು ಮಾರಲು ಅಂಗಡಿಯಲ್ಲಿ ನಾನೇಕೆ? ತಿಂಗಳ ಕೊನೆಗೆ ಟೀ ಶರ್ಟ್, ಐಡಿ ಕಾರ್ಡ್ ವಾಪಸ್ ಕೊಡಲು ಹಾಲಸ್ವಾಮಿ ಸರ್ ತಲೆ ಎತ್ತದೆ ಹೇಳಿದರು. ಹೆಸರು ಉಳಿಯಿತು, ನಾನು ಹೋದೆ. ಎರಡು ತಿಂಗಳು ಗಂಟಲು ಹರಿದುಕೊಂಡ ಯೂಟ್ಯೂಬಿನವರಲ್ಲಿ ಒಬ್ಬನಾದರೂ ಇದನ್ನು ಹೇಳಿದನೇ?

ಅಕ್ಟೋಬರ್ 5, ಭಾನುವಾರ

ದಸರಾ ರಜೆ ಅಂತ ಮನೆಯಲ್ಲಿ ಇಷ್ಟು ದಿನ ದೂಡಿದೆ. ಇನ್ನು ನಡೆಯುವುದಿಲ್ಲ.

ಗಿರೀಶ ಫೋನ್ ಮಾಡಿದ್ದ. ಅವನಿಗೆ ಎಲ್ಲ ಗೊತ್ತಾಗಿದೆ. "ರೌಫಣ್ಣನ್ನ ಕೇಳ್ಲಾ ಪೂಜಾ? ಇಬ್ರಿಗಾಗೋಷ್ಟು ಕೆಲ್ಸ ಐತೆ ಇಲ್ಲಿ. ಸಂಕೋಚ ಬ್ಯಾಡ." ಅವನ ದನಿಯಲ್ಲಿ ಕೊಂಕು ಹುಡುಕಿದೆ. ಇರಲಿಲ್ಲ. ಅದೇ ಹೆಚ್ಚು ಉರಿಸಿತು. ಬೇರೆ ಕಡೆ ಕೆಲಸ ಆಗಿದೆ ಅಂದೆ. ಯಾವ ಕಂಪನಿ ಅಂದ. ಬಾಯಿಗೆ ಬಂದ ಒಂದು ಹೆಸರು ಹೇಳಿದೆ.

ಅವ್ವ ಅಡುಗೆಮನೆಯಿಂದ ಕೇಳಿಸಿಕೊಂಡು ಓಡಿಬಂದಳು. ಮುಖ ಇಷ್ಟಗಲ. ಹೊಸ ಕೆಲಸವಾ, ನಾಳೆಯಿಂದಲೇನಾ, ಬುತ್ತಿಗೆ ಏನು ಕಟ್ಟಲಿ... ರೊಟ್ಟಿ ಸಾಕು ಅಂದೆ. ಬೆಳಿಗ್ಗೆ ಬುತ್ತಿ ಹಿಡಿದು ಅದೇ ಬಸ್ಸು ಹತ್ತಿ, ದಾವಣಗೆರೆಯಲ್ಲಿ ಇಳಿದು — ಎಲ್ಲಿಗೆ ಹೋಗಲಿ?