ಮಾರ್ಟಿನರ ಮುಖಕ್ಕೆ ಬಳಿದ ಬಣ್ಣ

ನವೆಂಬರ್ 2, ಭಾನುವಾರ

ನಾಳೆ ಸಂತ ಮಾರ್ಟಿನರ ಹಬ್ಬ. ನನಗೆ ಮಾತ್ರ ಸಿಟ್ಟು ಇನ್ನೂ ಇಳಿದಿಲ್ಲ.

ಸಂಜೆ ಕಸ ಗುಡಿಸಲು ಇಗರ್ಜಿಗೆ ಹೋದೆ. ಆಫ್ರಿಕಾ ಮೂಲದ ನಮ್ಮ ಸಿದ್ದಿಗಳ ಕಪ್ಪು ಬಣ್ಣದ ಸಂತ ಅಲ್ಲಿ ಮಾರ್ಟಿನರೊಬ್ಬರೇ. ಗುಲಾಮಗಿರಿಯಿಂದ ಬಿಡುಗಡೆಯಾದ ಕರಿ ತಾಯಿಯ ಮಗ, ಮಠದಲ್ಲಿ ಕಸ ಗುಡಿಸಿ, ರೋಗಿಗಳ ಸೇವೆ ಮಾಡಿ ಸಂತರಾದವರು. ಅವರ ಮೂರ್ತಿಯ ಮುಖಕ್ಕೆ ಯಾರೋ ಗುಲಾಬಿ ಬಣ್ಣ ಬಳಿದಿದ್ದರು!

ಹಬ್ಬದ ಉಸ್ತುವಾರಿ ಈ ಸಲ ನನ್ನ ಮಗಳು ಜ್ಯೂಲಿಯದು. ಅಲ್ಲೇ ಇದ್ದ ಅವಳನ್ನೇ ಕೇಳಿದೆ.

“ನಾನ ಹಚ್ಚಿಸೇನಿ ಯವ್ವಾ. ಹಳಿಯಾಳದ ಮಂದಿ ಬರ್ತಾರ, ಚಂದ ಕಾಣಬೇಕಲ್ಲ?”

“ಹಂಗಾರ ನನ್ನ ಮಾರಿಗೂ ಹಚ್ಚಿಸು. ನಮ್ಮವ್ವ ಅಂತ ಹೇಳಾಕ ನಿನಗ ನಾಚಿಕಿ ಆಗಬಾರದು.”

ನಕ್ಕುಬಿಟ್ಟಳು.

ಶಾಲೆಯಲ್ಲಿ ‘ಕರಿ’ ಎಂದು ಆಡಿಕೊಂಡರೆಂದು ಅಳುತ್ತ ಬಂದ ದಿನ ಇವಳನ್ನು ಇದೇ ಸಂತರ ಮುಂದೆ ನಿಲ್ಲಿಸಿದ್ದೆ. ಅವರ ಕೆನ್ನೆಗೆ ಕೆನ್ನೆ ಹಚ್ಚಿ ಸುಮ್ಮನಾಗಿದ್ದಳು. ಅದೇ ಕೆನ್ನೆಯನ್ನು ಈಗ ಮುಚ್ಚಿಸಿದ್ದಾಳೆ. ಬೇರೆಯವರು ಮಾಡಿದ್ದರೆ ಬೈದು ಮರೆಯುತ್ತಿದ್ದೆ.

ಪೊರಕೆ ಹಿಡಿದ ಸಂತರ ಕೈಗಳು ಮಾತ್ರ ಕಪ್ಪಾಗಿಯೇ ಇದ್ದವು.

“ಇವನ್ಯಾಕ ಬಿಟ್ಟೆ?” ಎಂದೆ.

“ಬಣ್ಣ ಸಾಲಲಿಲ್ಲ. ಕೈ ಯಾರು ನೋಡ್ತಾರ?”

ಅವಳು ಹೋದ ಮೇಲೆ, ಪೊರಕೆ ಹಿಡಿದ ಆ ಕೈಯ ಮೇಲೆ ಪೊರಕೆ ಹಿಡಿದು ಸವೆದ ನನ್ನ ಕೈಯಿಟ್ಟು ನಿಂತೆ. ನಾಳೆ ಮಂದಿ ಆ ಹೊಸ ಮುಖಕ್ಕೆ ಕೈ ಮುಗಿಯಲಿ. ನಾನು ಕೈಗೆ ಮುತ್ತಿಟ್ಟು ಬರುತ್ತೇನೆ. ಆದರೆ ಪಕ್ಕದಲ್ಲಿ ನಿಲ್ಲುವ ಜ್ಯೂಲಿಯ ಮುಖವನ್ನು ಹೇಗೆ ನೋಡಲಿ?