ಕ್ಯಾರಿಯರಿನ ಅರ್ಧ ಮೊಟ್ಟೆ

ಅಪ್ಪಾ,

ಬಂಗಾರಪೇಟೆ ಗಾಡಿಗೆ ಹೊತ್ತಾಯ್ತು, ಹೊರಟೆ. ಇನ್ನು ಸ್ಕೂಲಲ್ಲಿ ಮಕ್ಕಳಿಗೆ ಪಾಠ ಮುಗಿಸಿದ ಮೇಲೇ ಬರೋದು.

ರಾಗಿ ಮಾಲ್ಟು ಒಲೆ ಮೇಲಿದೆ, ಬಿಸಿ ಮಾಡ್ಕೊಂಡು ಕುಡಿ. ಡಬ್ಬದ ಪುಡಿ ಅಂತ ಮೂಗು ಮುರೀಬೇಡ. ಅಮ್ಮ ಮಾಡ್ತಿದ್ದ ಹಾಗೇ ರಾಗೀನ ಒದ್ದೆ ಬಟ್ಟೇಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಹುರಿದಿದ್ದು. ಹುರಿಯೋವಾಗ ಮನೆಯೆಲ್ಲಾ ಅಮ್ಮನ ಕಾಲದ ವಾಸನೆ.

ಊಟ ಆದ್ಮೇಲೆ ರಕ್ತದ ಟಾನಿಕ್ ಒಂದು ಚಮಚ. ನಿನ್ನೆ ಅದನ್ನ ಪಕ್ಕದ್ಮನೆ ಮಾರಿಯಮ್ಮನ ಮೊಮ್ಮಗಳಿಗೆ ಕುಡಿಸಿ, "ಕೂಸು ಬಡಕಲಾಗೈತೆ, ನಂಗ್ಯಾಕೆ" ಅಂದ್ಯಂತೆ. ಡಾಕ್ಟರು ರಕ್ತ ಕಮ್ಮಿ ಅಂದಿದ್ದು ನಿನಗೆ ಅಪ್ಪಾ, ಅವಳಿಗಲ್ಲ!

ರಾತ್ರಿ ನಿನ್ನ ತಟ್ಟೇಲಿ ಮತ್ತೆ ಅರ್ಧ ಮೊಟ್ಟೆ ನನಗೆ ಅಂತ ಉಳಿಸಿದ್ದೆ. ಆ ಚಾಳಿ ಇನ್ನೂ ಬಿಟ್ಟಿಲ್ಲ ನೀನು. ಶಿಫ್ಟು ಮುಗಿಸಿ ಗಣಿಯಿಂದ ಮೇಲೆ ಬಂದಾಗಲೆಲ್ಲ ಊಟದ ಕ್ಯಾರಿಯರಲ್ಲಿ ಅರ್ಧ ಮೊಟ್ಟೆ ತರ್ತಿದ್ದೆ. "ಗಣಿಯಾಗಿನ ಇಲಿ ನಿಂಗೇ ಕೊಡು ಅಂತು ಕಣಮ್ಮಣ್ಣಿ" ಅಂತಿದ್ದೆ. ನಾನು ಎಷ್ಟೋ ವರ್ಷ ನಂಬಿದ್ದೆ. ನೀನು ಹಸ್ಕೊಂಡು ಬರ್ತಿದ್ದೆ ಅಂತ ಅಮ್ಮ ಹೋದ್ಮೇಲೇ ತಿಳೀತು.

ಇವತ್ತು ಬೇಯಿಸಿದ ಮೊಟ್ಟೇಲಿ ನನ್ನ ಪಾಲು ತಿಂದಾಯ್ತು. ಮಿಕ್ಕಿದ್ದು ನಿನ್ನ ಹಳೇ ಕ್ಯಾರಿಯರಲ್ಲಿದೆ. ಯಾರಿಗೂ ಎತ್ತಿಡಬೇಡ. ಇಲಿ ನಿನಗೇ ಕೊಡು ಅಂತು.

ಸುಗುಣ