ಮೂರನೆಯ ಗೈರುಹಾಜರಿ

ಎಲ್ಡನ್‌ಬರ್ಗ್, ಅಯೋವಾ
ಡಿಸೆಂಬರ್ 3, 2025

ಪ್ರೀತಿಯ ಬ್ರಿಟಾ,

ಆರೋಗ್ಯವಾಗಿದ್ದೀಯೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಕ್ಷಮಿಸು. ನಿನ್ನ ಪತ್ರ ನವೆಂಬರ್ ಹದಿನಾಲ್ಕಕ್ಕೇ ಬಂದಿತ್ತು. ಓದಿ, ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿ, ದಿನವೂ ಹಾಲು ತೆಗೆಯುವಾಗ ನೋಡುತ್ತಿದ್ದೆ. ಕೆಲಸದ ಗಡಿಬಿಡಿಯಲ್ಲಿ ಮರೆತೆ ಎಂದು ಬರೆಯಬಹುದಿತ್ತು, ನೀನು ನಂಬುತ್ತಲೂ ಇದ್ದೆ. ಫೋನಿನಲ್ಲಿ ನಮ್ಮಿಬ್ಬರಿಗೂ ಮಾತು ಬರುವುದಿಲ್ಲ. ನಿನ್ನಮ್ಮ ಒಂಬತ್ತು ವರ್ಷದ ನಿನ್ನನ್ನು ಕರೆದುಕೊಂಡು ಡುಲುತ್‌ಗೆ ಹೋದಂದಿನಿಂದ ಕಾಗದವೇ ನಮ್ಮ ಅಭ್ಯಾಸ. ನೀನು ಓದಲೆಂದು ಇದೇ ಊರಿಗೆ ಬಂದು, ನನ್ನ ಮನೆಯಿಂದ ಹನ್ನೆರಡು ಬೀದಿ ಆಚೆಯ ಹಾಸ್ಟೆಲಿನಲ್ಲಿ ಎರಡು ವರ್ಷದಿಂದ ಇದ್ದರೂ ಅದು ತಪ್ಪಿಲ್ಲ.

ಇಲ್ಲಿ ಹಿಮ ಬಿದ್ದು ನಿಂತಿದೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಅಂಗಡಿಯಿಂದ ಟರ್ಕಿ ಕೋಳಿಯ ಒಂದು ಕಾಲನ್ನು ತಂದು ಮೂರು ದಿನ ತಿಂದೆ. ಎಡಗಡೆಯ ಒಂದು ಹಲ್ಲು ನೋಯುತ್ತಿದೆ. ನಿನ್ನಮ್ಮನ ಈಗಿನ ಗಂಡನಿಗೆ ಹೇಳಬೇಡ, ಹಲ್ಲಿನ ಡಾಕ್ಟರಲ್ಲವೇ, ಆತ ಪುಕ್ಕಟೆ ನೋಡುತ್ತೇನೆ ಎಂದುಬಿಟ್ಟಾನು.

ನೀನು ಕೇಳಿದ್ದು ಒಂದೇ ಸಾಲು. ನಿನ್ನ ಮಾತುಗಳು ನನಗೆ ಬಾಯಿಪಾಠವಾಗಿವೆ: "ಅಪ್ಪಾ, ಹನ್ನೆರಡನೇ ತಾರೀಕು ನಾನು ಕೆಮಿಸ್ಟ್ರಿ ಕ್ಲಾಸಲ್ಲೇ ಇದ್ದೆ. ನೀನು ತಪ್ಪಾಗಿ ಗೈರು ಹಾಕಿದ್ದೀಯ. ತಪ್ಪಾಯ್ತು ಅಂತ ಕೋಚ್‌ಗೆ ಒಂದು ಸಾಲು ಬರೆದುಬಿಡು. ಡಿಸೆಂಬರ್ ಒಂದಕ್ಕೆ ಓಟದ ತಂಡದ ಪಟ್ಟಿ ಮುಚ್ತಾರೆ. ತಂಡ ಹೋದ್ರೆ ಫೀಸಿನ ಮಾಫಿ ಹೋಗುತ್ತೆ, ಮಾಫಿ ಹೋದ್ರೆ ಜಿಯಾಲಜಿ ಹೋಗುತ್ತೆ."

ಪಟ್ಟಿ ಸೋಮವಾರ ಸಂಜೆ ಐದಕ್ಕೆ ಮುಚ್ಚಿತು. ಅದನ್ನು ನಾನು ನೋಡಿದೆ. ನಿನ್ನ ಹೆಸರಿಲ್ಲ.

ನನ್ನ ಕೆಲಸ ನಿನಗೆ ಗೊತ್ತು. ಆದರೂ ಬರೆಯುತ್ತೇನೆ, ಬರೆದಾಗ ಅದು ಎಷ್ಟು ಚಿಕ್ಕದೆಂದು ಕಾಣುತ್ತದೆ. ಫುಟ್‌ಬಾಲ್ ತಂಡಕ್ಕೆ ಹೊಸ ವ್ಯಾಯಾಮಶಾಲೆ ತೆರೆದ ವರ್ಷವೇ ನಮ್ಮ ಜರ್ಮನ್ ವಿಭಾಗ ಮುಚ್ಚಿತು. ಇಪ್ಪತ್ತೆರಡು ವರ್ಷ ಕ್ರಿಯಾಪದ ಕಲಿಸಿದವನು, ವಿಶ್ವವಿದ್ಯಾಲಯದ ಆಟಗಾರರು ಪಾಠಕ್ಕೆ ಬಂದಿದ್ದಾರೋ ಇಲ್ಲವೋ ಎಂದು ತರಗತಿಯ ಬಾಗಿಲಿನ ಗಾಜಿನಿಂದ ನೋಡುವವನಾದೆ. ಒಳಗೆ ಹೋಗುವಂತಿಲ್ಲ. ಮುಖ ಗುರುತಿಸಬೇಕು, ಹೆಸರಿನ ಮುಂದಿನ ಹಾಜರಿಯ ಚೌಕದಲ್ಲಿ "ಇದೆ" ಅಥವಾ "ಇಲ್ಲ" ಎಂದು ಬರೆಯಬೇಕು. ಮೂರು ಸಲ "ಇಲ್ಲ" ಆದರೆ ಕೋಚ್‌ಗೆ ವರದಿ. ಹುಡುಗರು ನನ್ನನ್ನು ಇಣುಕಪ್ಪ ಎನ್ನುತ್ತಾರೆ. ನೀನು ಅಮ್ಮನ ಕಡೆಯ ಹೆಸರು ಇಟ್ಟುಕೊಂಡಿರುವುದರಿಂದ ನಿನ್ನ ಗೆಳತಿಯರು, ನಾನು ನಿನ್ನ ಅಪ್ಪನೆಂದು ತಿಳಿಯದೆ, ನಿನ್ನೆದುರೇ ಧಾರಾಳವಾಗಿ ಹಾಗೆನ್ನುತ್ತಿರಬಹುದು.

ಆಗಸ್ಟಿನಲ್ಲಿ ರಾಬಿನ್ ನನ್ನನ್ನು ಕರೆದಿದ್ದಳು. ನನ್ನ ಮೇಲಧಿಕಾರಿ, ನನಗಿಂತ ಹದಿನೆಂಟು ವರ್ಷಕ್ಕೆ ಚಿಕ್ಕವಳು. "ಮಗಳ ಹಾಳೆ ಬೇರೆಯವರಿಗೆ ಕೊಡ್ಲಾ ಲೋವೆಲ್? ಆಮೇಲೆ ನನ್ನ ತಲೆಗೆ ಬರುತ್ತೆ."

"ಬೇಡ. ಅವಳನ್ನು ನೋಡಲು ನನಗೆ ಬೇರೆ ಕಣ್ಣಿಲ್ಲ," ಎಂದೆ.

"ಸರಿ. ಇನ್ನೊಂದು. ಮಬ್ರಿ ಯಾವಾಗಲೂ ಇದ್ದಾನೆ. ಇಲ್ಲದಿದ್ದಾಗ ಇನ್ನೂ ಜಾಸ್ತಿ ಇದ್ದಾನೆ. ಅರ್ಥ ಆಯ್ತಾ?"

ಟ್ರೆವಾನ್ ಮಬ್ರಿ ನಮ್ಮ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್, ಇಡೀ ಆಟ ನಡೆಸುವವನು. ಅವನ ಮುಖ ಹಾಲಿನ ಲಾರಿಯ ಮೇಲೂ ಇದೆ. ಅವನಿಗೆ ಸಿಗುವ ಸಂಬಳದಲ್ಲಿ ನನ್ನ ಜರ್ಮನ್ ವಿಭಾಗ ನನ್ನ ಸಾವಿನವರೆಗೂ ನಡೆಯುತ್ತಿತ್ತು. ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ, ಅವನು ಅರ್ಥಶಾಸ್ತ್ರದ ಪಾಠದಲ್ಲಿರಬೇಕಾದ ಹೊತ್ತಿನಲ್ಲಿ, ಕ್ಯಾಂಟೀನಿನಲ್ಲಿ ಕೂತು ಬರಿಟೊ ತಿನ್ನುತ್ತಿದ್ದ.

"ಏನ್ ಪ್ರೊಫೆಸರೇ, ಇವತ್ತು ನಾನು ಕ್ಲಾಸಲ್ಲಿದ್ದೀನಾ?"

"ಇದ್ದೀಯ."

"ಗಮನ ಕೊಡ್ತಾ ಇದ್ದೀನಾ?"

"ನೋಟ್ಸ್ ಬರ್ಕೊಳ್ತಾ ಇದ್ದೀಯ."

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ ಕೇಳಿದ: "ತಮಾಷೆ ಬಿಡಿ. ನಾನಿಲ್ಲಿ ಓದೋನಾ, ದುಡಿಯೋನಾ? ಓದೋನಾದ್ರೆ ದಿನಕ್ಕೆ ಆರು ಗಂಟೆ ಮೈದಾನದಲ್ಲಿ ಯಾಕೆ ಅರೀತಾರೆ? ದುಡಿಯೋನಾದ್ರೆ, ಪ್ಲಂಬರ್‌ಗೆ ಅರ್ಥಶಾಸ್ತ್ರ ಪಾಸಾಗಿ ಬಾ ಅಂತ ಯಾರಾದ್ರೂ ಹೇಳ್ತಾರಾ?"

"ನನ್ನನ್ನ ಕೇಳಬೇಡ. ನಾನು ಬರೀ ಪೆನ್ನು."

"ಅಯ್ಯೋ ಪಾಪ. ತಗೊಳ್ಳಿ, ಅರ್ಧ ತಿನ್ನಿ."

ತಿಂದೆ. ಚೆನ್ನಾಗಿತ್ತು. ಅವನ ಚೌಕದಲ್ಲಿ "ಇದೆ" ಎಂದು ಬರೆದೆ. ಅವನಂಥವರಿಗೆ ವಿಶ್ವವಿದ್ಯಾಲಯ ನೇರವಾಗಿ ಹಣ ಕೊಡಬಹುದೆಂದು ಆದ ಮೇಲೆ ಪ್ರತಿ ತಂಡಕ್ಕೂ ತಲೆಗಳ ಮಿತಿ ಬಂತು. ಫುಟ್‌ಬಾಲಿಗೆ ಹಣ, ನಿಮ್ಮಂಥ ದೂರದ ಓಟದ ಹುಡುಗಿಯರಿಗೆ ಮಿತಿ. ನಿಮ್ಮ ಕೋಚ್ ಶೀಲ್ಡ್ಸ್ ತಂಡದಿಂದ ನಾಲ್ಕು ಜನರನ್ನು ಕೈಬಿಡಬೇಕಿತ್ತು. ಮೂವರು ಯಾರೆಂದು ಆಕೆಗೆ ಗೊತ್ತಿತ್ತು. ನಾಲ್ಕನೆಯ ಜಾಗಕ್ಕೆ ನೀನು ಮತ್ತು ಇನ್ನೊಬ್ಬಳು, ನಡುವೆ ಒಂದು ಸೆಕೆಂಡಿನ ವ್ಯತ್ಯಾಸ. ಆಕೆ ಕೆಟ್ಟವಳಲ್ಲ. ಆಕೆಗೊಂದು ಕಾರಣ ಬೇಕಿತ್ತು, ಅಷ್ಟೇ.

ಮೊದಲ ಎರಡು ಗೈರುಗಳ ಬಗ್ಗೆ ನಿನಗೂ ತಕರಾರಿಲ್ಲ. ಸೆಪ್ಟೆಂಬರಿನಲ್ಲಿ ವಿಸ್ಕಾನ್ಸಿನ್‌ನಿಂದ ನಿಮ್ಮ ಬಸ್ಸು ಬೆಳಗಿನ ಜಾವ ಬಂತು, ನೀನು ನಿದ್ದೆ ಹೋದೆ. ಅಕ್ಟೋಬರಿನಲ್ಲಿ ಜಿಯಾಲಜಿಯವರು ಕಲ್ಲುಗಣಿಗೆ ಕರೆದುಕೊಂಡು ಹೋಗಿದ್ದರು. ನೀನು ಓದಲೆಂದೇ ಹೋಗಿದ್ದೆ, ಆದರೆ ಕೆಮಿಸ್ಟ್ರಿಯ ಕುರ್ಚಿ ಖಾಲಿಯಿತ್ತು. ಖಾಲಿ ಕುರ್ಚಿಗೆ ಕಾರಣ ಬರೆಯುವ ಚೌಕ ನನ್ನ ಹಾಳೆಯಲ್ಲಿಲ್ಲ.

ನಿನ್ನ ಪತ್ರ ಬಂದ ವಾರದ ನಂತರ ರಾಬಿನ್ ನನ್ನ ಮೇಜಿನ ಹತ್ತಿರ ಬಂದಳು. "ಹುಡುಗಿ ನನ್ನ ಹತ್ರ ಬಂದಿದ್ಲು. ಇದ್ದೆ ಅಂತಾಳೆ. ನೀನು ಇರಲಿಲ್ಲ ಅಂತೀಯ. ಯಾವುದು ನಿಜ?"

"ಹಾಳೆಯ ಕೆಳಗೆ ನನ್ನ ಸಹಿ ಇದೆ."

"ಸಹಿ ಯಾರು ಕೇಳಿದ್ರು ಮಾರಾಯ? ಬಾಯಿ ಬಿಟ್ಟು ಹೇಳು. ಮಗಳು ಕಣೋ. ಕಣ್ತಪ್ಪಿನಿಂದ ಆಯ್ತು ಅಂತ ಒಂದು ಸಾಲು ಗೀಚು, ನಾನು ಮುಂದೆ ಕಳಿಸ್ತೀನಿ, ಮುಗೀತು."

"ಎಲ್ಲರಿಗೂ ಒಂದೇ ನಿಯಮ," ಎಂದೆ. ಮಬ್ರಿಯ ಹಾಳೆ ನಮ್ಮಿಬ್ಬರ ನಡುವೆಯೇ ಬಿದ್ದಿತ್ತು.

ಅವಳು ಆ ಹಾಳೆಯನ್ನು ಮಗುಚಿಟ್ಟಳು. "ನಿನ್ನ ಜರ್ಮನ್ ಕ್ಲಾಸಿಗೆ ಮಕ್ಕಳು ಯಾಕೆ ಬರ್ತಿರಲಿಲ್ಲ ಅಂತ ಈಗ ಗೊತ್ತಾಯ್ತು," ಎಂದು ಹೋದಳು.

ನಿನ್ನೆ ಬೆಳಿಗ್ಗೆ ನಿನ್ನಮ್ಮ ಫೋನ್ ಮಾಡಿದ್ದಳು. "ಪರೀಕ್ಷೆ ಮುಗಿಸಿ ವಾಪಸ್ ಬರ್ತಾಳಂತೆ. ಇವರ ಕ್ಲಿನಿಕ್ಕಲ್ಲಿ ಫೋನ್ ಎತ್ತೋ ಕೆಲಸ ಇದೆ. ಕೂಡಿಟ್ಟ ಕಲ್ಲುಗಳನ್ನೆಲ್ಲ ಡಬ್ಬಕ್ಕೆ ತುಂಬಿ ಆಗಲೇ ಕಳಿಸಿಬಿಟ್ಟಿದ್ದಾಳೆ. ನಿನಗೀಗ ತೃಪ್ತಿಯಾಯ್ತಾ?"

ಹಲ್ಲೂ ಒಂದು ಬಗೆಯ ಕಲ್ಲೇ ಎಂದೆ. ಅವಳು ಫೋನ್ ಇಟ್ಟಳು. ಇಂಥ ಮಾತುಗಳು ನನ್ನ ಬಾಯಿಗೆ ಯೋಚಿಸದೆಯೇ ಬರುತ್ತವೆ. ಆಮೇಲೆ ನಾನು ಅವುಗಳನ್ನು ಬೇರೆಯವರು ಆಡಿದಂತೆ ಕೇಳಿಸಿಕೊಳ್ಳುತ್ತೇನೆ.

ಪರೀಕ್ಷೆಗೆ ಚೆನ್ನಾಗಿ ಓದು. ನಿನ್ನ ಕೆಮಿಸ್ಟ್ರಿಯ ಮೇಷ್ಟ್ರನ್ನು ಕಾರಿಡಾರಿನಲ್ಲಿ ಕಂಡಿದ್ದೆ. ಆ ತರಗತಿಯಲ್ಲಿ ನಿಜವಾಗಿ ಪ್ರಶ್ನೆ ಕೇಳುವವಳು ನೀನೊಬ್ಬಳೇ ಎಂದರು. ಚಳಿಯಲ್ಲಿ ಕಿವಿ ಮುಚ್ಚಿಕೊಂಡು ಓಡು. ಇನ್ನು ಯಾರ ಗಡಿಯಾರಕ್ಕೂ ಓಡಬೇಕಿಲ್ಲ ಎಂಬುದೂ ಒಂದು ಸುಖವೇ. ನಿನ್ನ ಮೊಣಕಾಲುಗಳು ಬಹುಕಾಲ ಗಟ್ಟಿಯಾಗಿರಲಿ, ನಿನಗೆ ಒಳ್ಳೆಯದೇ ಆಗಲಿ.

ನಿನ್ನ ಅಪ್ಪ,
ಲೋವೆಲ್

ತಾ.ಕ. ಹನ್ನೆರಡನೇ ತಾರೀಕು ನೀನು ಇದ್ದೆ. ನಾಲ್ಕನೆಯ ಸಾಲು, ಬೂದು ಬಣ್ಣದ ಟೋಪಿ. ನಾನು ಗಾಜಿನ ಹತ್ತಿರ ಬಂದಾಗ ನೀನು ತಲೆಯೆತ್ತಿ ನೇರವಾಗಿ ನನ್ನನ್ನು ನೋಡಿದೆ. ಪಕ್ಕದ ಹುಡುಗಿ ನಿನ್ನ ಕಿವಿಯ ಹತ್ತಿರ ಬಾಗಿ ಏನೋ ಕೇಳಿದಳು. ನೀನು ನನ್ನ ಮೇಲಿನಿಂದ ಕಣ್ಣು ತೆಗೆಯದೆ ಇಲ್ಲ ಎಂದು ತಲೆಯಾಡಿಸಿದೆ. 'ಆತ ನಿನಗೆ ಗೊತ್ತಾ?' ಎಂದೇ ಅವಳು ಕೇಳಿದ್ದು ಎಂದುಕೊಂಡೆ. ಚೌಕದಲ್ಲಿ ನಾನೂ ಅದನ್ನೇ ಬರೆದೆ: ಇಲ್ಲ. ಹದಿನೆಂಟು ದಿನ ನಿನ್ನ ಪತ್ರದ ಮುಂದೆ ನಿಂತಾಗಲೂ ಬೇರೆ ಯೋಚನೆ ಬರಲಿಲ್ಲ. ಅವಳು ಹೆಚ್ಚಿನ ಪೆನ್ಸಿಲ್ ಇದೆಯಾ ಎಂದು ಕೇಳಿರಲೂಬಹುದು ಎಂಬುದು ಹೊಳೆದದ್ದು ನಿನ್ನೆ.